ಗೆರೆಯ ಹಿಂದಿನ ಕಿವಿ: ಚಿತ್ರಕಥೆಗಾರರ ಶ್ರವಣ ಮತ್ತು ವಾಚನವನ್ನು ಕುರಿತು



ದತ್ತಿ ಉಪನ್ಯಾಸವೆಂಬುದು, ಅಗಲಿದವರೊಬ್ಬರ ನೆನಪನ್ನು ಉಳಿದವರ ವಿದ್ಯೆಯಾಗಿ ಮಾರ್ಪಡಿಸುವ ಸತ್ಕಾರ್ಯ. ಅದರಲ್ಲಿ ಒಂದು ಸಂಜೆಯ ಮಟ್ಟಿಗಾದರೂ ಭಾಗಿಯಾಗುವ ಸುಯೋಗವನ್ನು, ಆಯುಷ್ಯದ ಬಹುಭಾಗವನ್ನು ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಶಾಲೆಗಳಲ್ಲಿ ಚಿತ್ರಕಲೆಯ ಶಿಕ್ಷಕನಾಗಿ ಕಳೆದ ನನಗೆ ಒದಗಿಸಿಕೊಟ್ಟ ತಮ್ಮೆಲ್ಲರಿಗೂ ಮೊದಲು ವಂದನೆಗಳನ್ನು ಸಲ್ಲಿಸುತ್ತೇನೆ. ಬಸವಕಲ್ಯಾಣವನ್ನೂ ಮಹಮೂದ್ ಗವಾನನ ಮದರಸಾವನ್ನೂ ಒಂದೇ ಜಿಲ್ಲೆಯೊಳಗೆ ಇರಿಸಿಕೊಂಡಿರುವ ಈ ಬೀದರ ನಾಡಿನಲ್ಲಿ ವಚನಗಳನ್ನು ಕುರಿತೋ ಶಾಸನಗಳನ್ನು ಕುರಿತೋ ಮಾತನಾಡುವುದು ಸಹಜವಾದುದು. ಆದರೂ ನಾನು ಈ ಸಂಜೆಗೆ ಆರಿಸಿಕೊಂಡಿರುವುದು ಚಿತ್ರಕಥೆಯನ್ನು. ಎಂದರೆ, ನಮ್ಮ ಮಕ್ಕಳು ಕಾಮಿಕ್ಸ್ ಎಂದು ಕರೆಯುವ, ಚೌಕದ ಪಕ್ಕದಲ್ಲಿ ಚೌಕವನ್ನಿರಿಸಿ, ಚಿತ್ರದೊಳಗೆ ಮಾತನ್ನಿರಿಸಿ ಕಥೆ ಹೇಳುವ ಕಲೆಯನ್ನು. ಅದರಲ್ಲಿಯೂ ಅದನ್ನು ರಚಿಸುವವರು ಏನನ್ನು ಕೇಳುತ್ತಾರೆ, ಏನನ್ನು ಓದುತ್ತಾರೆ ಎಂಬ ಒಂದು ಅಂಶವನ್ನು.

ಚಿತ್ರಕಥೆಗಾರರು ಓದುಗರೆದುರು ಬಂದು ಕುಳಿತಾಗ, ಅವರನ್ನು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುವ ರೂಢಿಯುಂಟು: ಈಗ ಏನನ್ನು ಬರೆಯುತ್ತಿದ್ದೀರಿ, ಯಾವ ಸಂಗೀತ ನಿಮಗೆ ಪ್ರಿಯ, ಯಾವ ಪುಸ್ತಕ ನಿಮ್ಮ ದಿಂಬಿನ ಬಳಿ ಇದೆ. ಮೊದಲನೆಯದು ಕೆಲಸದ ಪ್ರಶ್ನೆ, ಉಳಿದೆರಡು ಉಪಚಾರದ ಪ್ರಶ್ನೆಗಳೆಂದು ನಾನು ಬಹುಕಾಲ ತಿಳಿದಿದ್ದೆ. ಈಗ ಹಾಗೆ ತಿಳಿಯಲಾರೆ. ಗೆರೆ ಕೈಯಿಂದ ಹೊರಡುವುದಾದರೂ ಅದರ ಲಯ ಕಿವಿಯಿಂದ ಬಂದುದು, ಅದರ ಅರ್ಥ ಓದಿನಿಂದ ಬಂದುದು. ಕಿವಿ ಬರಿದಾದವನ ಚೌಕಗಳು ಎಷ್ಟು ಅಂದವಾಗಿದ್ದರೂ ಕಥೆಯಾಗಲಾರವು ಎಂಬುದು ನಾನು ಇಂದು ತಮ್ಮ ಮುಂದಿಡಬಯಸುವ ಒಂದೇ ಮಾತು. ಈ ಮಾತನ್ನು ನನಗೆ ಕಲಿಸಿದವರು ಇಬ್ಬರು ಮಕ್ಕಳು. ಅವರ ಕಥೆಯಿಂದಲೇ ಆರಂಭಿಸುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಭಾಲ್ಕಿ ತಾಲ್ಲೂಕಿನ ಒಂದು ಶಾಲೆಯಲ್ಲಿ, ಹುಡುಗನೊಬ್ಬ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಕಾಮಿಕ್ಸಿನ ಮುಖವಾಡದ ವೀರ ಫ್ಯಾಂಟಮನನ್ನು ತೆಗೆದು, ಅವನ ಕೈಯಲ್ಲಿ ನಮ್ಮೂರ ಕೋಟೆಯ ಗೋಡೆಯನ್ನು ಹತ್ತಿಸಿದ್ದ. ಹೂವು, ಹೂಜಿ, ಮಾವಿನಹಣ್ಣುಗಳನ್ನು ಕಲಿಸುವುದೇ ಚಿತ್ರಕಲೆಯೆಂದು ನಂಬಿದ್ದ ನಾನು ಆ ನೋಟ್‌ಬುಕ್ಕನ್ನು ಕಸಿದುಕೊಂಡು ತರಗತಿಯ ಮುಂದೆ ಅವನನ್ನು ನಿಲ್ಲಿಸಿದೆ. ಅವನು ಆಮೇಲೆ ನನ್ನ ತರಗತಿಯಲ್ಲಿ ಹೇಳಿದ್ದನ್ನಷ್ಟೇ ತೆಗೆದ. ತನ್ನದಾಗಿ ಒಂದು ಗೆರೆಯನ್ನೂ ಎಳೆಯಲಿಲ್ಲ. ಅದು ನನ್ನ ಅಪರಾಧ. ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಹಳ ವರ್ಷಗಳ ಬಳಿಕ, ಔರಾದ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಮಾಂಜ್ರಾ ನದಿಗೆ ನೆರೆ ಬಂದ ರಾತ್ರಿಯ ಕಥೆಯನ್ನು ಆರು ಚೌಕಗಳಲ್ಲಿ ತೆಗೆಯಲು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗಿ ಐದು ಚೌಕಗಳನ್ನು ತುಂಬಿಸಿ, ನಾಲ್ಕನೆಯದನ್ನು ಮಾತ್ರ ಏನೂ ತೆಗೆಯದೆ ಬಿಟ್ಟಿದ್ದಳು. ಮುಗಿಸಲು ಹೊತ್ತು ಸಾಲಲಿಲ್ಲವೇ ಎಂದು ಕೇಳಿದಾಗ ಅವಳು ಹೇಳಿದ್ದು ಹೀಗೆ: “ಮುಗಿಸೀನ್ರಿ ಸರ್. ಈ ಕಥಿ ನಮ್ಮ ಆಯಿ ಬೀಸ್ಕೋತ ಹಾಡ್ತಾಳ್ರಿ. ಇಲ್ಲಿಗಿ ಬಂದಾಗ ಸುಮ್ಮನಾಗ್ತಾಳ, ಬರೇ ಕಲ್ಲ ತಿರಗ್ತದ. ಅದಕ್ಕ ಖಾಲಿ ಬಿಟ್ಟೀನಿ.”

ಆ ಖಾಲಿ ಚೌಕದ ಮೇಲೆ ನನ್ನ ಕಣ್ಣು ನಿಂತುಹೋಯಿತು. ಗ್ರಂಥಗಳಲ್ಲಿ ಹುಡುಕಿ ಪಡೆಯಬೇಕಾದ ವಿದ್ಯೆಯೊಂದನ್ನು ಆ ಮಗು ಬೀಸುವ ಕಲ್ಲಿನ ಬಳಿ ಕುಳಿತು ಪಡೆದಿತ್ತು.

1

ಚಿತ್ರಕಥೆಯು ವಿದೇಶದಿಂದ ಹಡಗಿನಲ್ಲಿ ಬಂದಿಳಿದ ವಸ್ತುವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅಚ್ಚಿನ ಕಾಗದದ ಮೇಲಿನ ಅದರ ಈಗಿನ ರೂಪವನ್ನು ಕುರಿತು ಹೇಳುವುದಾದರೆ ಈ ಮಾತು ಸಲ್ಲುತ್ತದೆ. ಆದರೆ ಅದರ ತಿರುಳಿಗೆ ಸಲ್ಲದು. ನಮ್ಮ ಹೊಲಗಳ ಬದುವಿನಲ್ಲಿ, ಗುಡಿಗಳ ಮಗ್ಗುಲಲ್ಲಿ ನಿಂತಿರುವ ವೀರಗಲ್ಲನ್ನು ನೋಡಿರಿ. ಕೆಳಗಿನ ಹಂತದಲ್ಲಿ ವೀರನು ಹೋರಾಡುತ್ತಾನೆ. ನಡುವಣ ಹಂತದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಹಂತದಲ್ಲಿ ಅವನು ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಹಂತಗಳ ನಡುವಣ ಪಟ್ಟಿಯಲ್ಲಿ ಅನೇಕ ವೇಳೆ ಕನ್ನಡದ ಅಕ್ಷರಗಳಿರುತ್ತವೆ. ಮೂರು ಚೌಕಗಳು, ಒಂದು ಜೀವಿತ, ಮತ್ತು ಚೌಕಗಳ ನಡುವೆ ಮಾತು. ಕೆಳಗಿನಿಂದ ಮೇಲಕ್ಕೆ ಓದಬೇಕೆಂಬ ಒಂದು ನಿಯಮವನ್ನು ಬಿಟ್ಟರೆ, ಇದಕ್ಕೂ ಇಂದಿನ ಚಿತ್ರಕಥೆಯ ಪುಟಕ್ಕೂ ರಚನೆಯಲ್ಲಿ ಭೇದವಿಲ್ಲ. ಮೇಲಕ್ಕೆ ಓದುವ ಆ ನಿಯಮವಾದರೂ ವೀರನು ಏರಿದ ದಾರಿಯಲ್ಲಿಯೇ ಓದುಗನ ಕಣ್ಣನ್ನೂ ಏರಿಸುವ ಶಿಲ್ಪಿಯ ಜಾಣ್ಮೆ.

ನಮ್ಮ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ಹೋದವರು ಅಲ್ಲಿನ ಮದನಿಕೆಯೊಬ್ಬಳನ್ನು ಮರೆಯಲಾರರು. ಅವಳು ಕನ್ನಡಿ ಹಿಡಿದು ನಿಂತವಳಲ್ಲ, ನರ್ತಿಸುವವಳೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತ ನಿಂತಿದ್ದಾಳೆ, ಮತ್ತು ಅವಳು ಬರೆಯುತ್ತಿರುವ ಅಕ್ಷರಗಳು ನಿಜವಾಗಿ ಅದೇ ಕಲ್ಲಿನ ಮೇಲೆ ಕೊರೆಯಲ್ಪಟ್ಟಿವೆ. ಚಿತ್ರ ಬೇರೆ, ಬರಹ ಬೇರೆ ಎಂಬ ಭೇದವನ್ನು ಆ ಶಿಲ್ಪಿ ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಅಳಿಸಿಹಾಕಿದ್ದನು.

ಆ ವಿಕ್ರಮಾದಿತ್ಯನ ಮಗನೇ ಮೂರನೆಯ ಸೋಮೇಶ್ವರ. ಕಲ್ಯಾಣದ ಅರಸನಾದ ಈತನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ, ಒಟ್ಟು ನೂರು ಅಧ್ಯಾಯಗಳ ಮಹಾಗ್ರಂಥ. ಗೋಡೆಯನ್ನು ಹೇಗೆ ಹದಗೊಳಿಸಬೇಕು, ವಜ್ರಲೇಪವೆಂಬ ಅಂಟನ್ನು ಹೇಗೆ ಕಾಯಿಸಬೇಕು, ಕರುವಿನ ಕಿವಿಯ ಕೂದಲಿನಿಂದ ಕುಂಚವನ್ನು ಹೇಗೆ ಕಟ್ಟಬೇಕು ಎಂಬುದನ್ನು ಅರಸನಾದವನು ಅಲ್ಲಿ ಕೈಯಾರೆ ಮಾಡಿ ಕಂಡವನಂತೆ ವಿವರಿಸುತ್ತಾನೆ. ಅದೇ ಗ್ರಂಥದಲ್ಲಿ ಮುಂದೆ ಗೀತವಿನೋದ, ವಾದ್ಯವಿನೋದ, ಕಥಾವಿನೋದಗಳು ಬರುತ್ತವೆ. ಬಸವಕಲ್ಯಾಣದ ನೆಲದಲ್ಲಿ ಕುಳಿತು ಬರೆದ ಒಂದೇ ಪುಸ್ತಕದೊಳಗೆ ಕುಂಚವೂ ರಾಗವೂ ಕಥೆಯೂ ಒಂದೇ ಮನಸ್ಸಿನ ಉಲ್ಲಾಸಗಳಾಗಿ ನೆರೆಹೊರೆಯವಾಗಿರುವುದನ್ನು ಕಂಡಾಗ, ಚಿತ್ರ ಬರೆಯುವವನನ್ನು ನೀನು ಏನನ್ನು ಕೇಳುತ್ತೀ, ಏನನ್ನು ಓದುತ್ತೀ ಎಂದು ಪ್ರಶ್ನಿಸುವುದು ನಮ್ಮ ನಾಡಿಗೆ ಹೊಸದೇನಲ್ಲವೆಂದು ತಿಳಿಯುತ್ತದೆ.

ಗ್ರಂಥದ ಮಾತು ಹಾಗಿರಲಿ. ಜನಪದರ ಕೈಯಲ್ಲಿ ಈ ಮೂರೂ ಎಂದೂ ಅಗಲಿರಲೇ ಇಲ್ಲ. ನಮ್ಮ ಪೂರ್ವದ ಗಡಿಯಾಚೆ, ತೆಲಂಗಾಣದ ಚೆರಿಯಾಲದಲ್ಲಿ, ನಕಾಶಿ ಚಿತ್ರಕಾರರು ಖಾದಿಯ ಬಟ್ಟೆಗೆ ಗಂಜಿ, ಬಿಳಿಮಣ್ಣು, ಹುಣಿಸೆಬೀಜದ ಅಂಟನ್ನು ಬಳಿದು, ಕೆಂಪು ನೆಲದ ಮೇಲೆ ಸಾಲುಸಾಲಾಗಿ ಕಥೆಯನ್ನು ತೆಗೆಯುತ್ತಾರೆ; ಆ ಉದ್ದನೆಯ ಸುರುಳಿಯನ್ನು ಹೊತ್ತ ಕಥೆಗಾರರು ಊರೂರಿಗೆ ಹೋಗಿ, ಒಂದೊಂದೇ ಸಾಲನ್ನು ಬಿಚ್ಚುತ್ತ, ವಾದ್ಯ ನುಡಿಸುತ್ತ, ಹಾಡುತ್ತ ಕುಲಪುರಾಣವನ್ನು ಹೇಳುತ್ತಿದ್ದರು. ಹಾಡಿಲ್ಲದೆ ಆ ಸುರುಳಿ ಬಿಚ್ಚುತ್ತಿರಲಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ನನಗಾದ ಹರ್ಷ ಅಷ್ಟಿಷ್ಟಲ್ಲ. ತೊಗಲಿನ ಮೇಲೆ ರಾಮನನ್ನು ಬರೆದು, ದೀಪದ ಮುಂದೆ ಅವನನ್ನು ನಡೆಸಿ, ಅವನ ಮಾತನ್ನು ತಾನೇ ಆಡಿ, ಅವನ ಪದವನ್ನು ತಾನೇ ಹಾಡುವ ಈ ಪರಂಪರೆಯವರಿಗಿಂತ ಪೂರ್ಣರಾದ ಚಿತ್ರಕಥೆಗಾರರು ಬೇರೆ ಯಾರಿದ್ದಾರೆ?

2

ಇನ್ನು ಅಚ್ಚಿನ ಕಾಲಕ್ಕೆ ಬರೋಣ. ಕನ್ನಡ ‘ಚಂದಮಾಮ’ವು 1949ರಲ್ಲಿ ಆರಂಭವಾಯಿತು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳೂ ಶಂಕರ್ ಅವರ ವಿಕ್ರಮ–ಬೇತಾಳರೂ ಎಷ್ಟು ಮನೆಗಳ ಗೋಡೆಯ ಗೂಡುಗಳಲ್ಲಿ ಜೋಪಾನವಾಗಿದ್ದವೆಂಬುದು ನನ್ನ ವಯಸ್ಸಿನವರಿಗೆ ನೆನಪಿದೆ. ಅವು ಕಥೆಗೆ ಬರೆದ ಚಿತ್ರಗಳು. ಚಿತ್ರವೇ ಕಥೆಯನ್ನು ನಡೆಸುವ ರೂಪವನ್ನು ಮನೆಮನೆಗೆ ಮುಟ್ಟಿಸಿದವರು ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಗಳು.

ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ರಸಾಯನ ತಂತ್ರವನ್ನು ಓದಿ, ಆ ಓದನ್ನು ಬದಿಗಿರಿಸಿ ಮಕ್ಕಳ ಪತ್ರಿಕೆಯ ಕನಸು ಕಂಡ ಈ ಮಹನೀಯರು 1964ರಲ್ಲಿ ‘ಇಂದ್ರಜಾಲ ಕಾಮಿಕ್ಸ್’ನ ಆರಂಭದಲ್ಲಿ ಪಾಲುಗೊಂಡರು, 1967ರಲ್ಲಿ ‘ಅಮರ ಚಿತ್ರಕಥೆ’ಯನ್ನು ರೂಪಿಸಿದರು, 1980ರಲ್ಲಿ ‘ಟಿಂಕಲ್’ ಪತ್ರಿಕೆಯನ್ನು ಹೊರತಂದರು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಅವರು ನೊಂದ ಕಥೆ ತಮಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಕಥೆಯಿದೆ. ‘ಅಮರ ಚಿತ್ರಕಥೆ’ಯ ‘ಕೃಷ್ಣ’ ಎಂಬ ಮೊದಲ ಪೌರಾಣಿಕ ಸಂಚಿಕೆಗೆ ಹನ್ನೊಂದನೆಯ ಸಂಖ್ಯೆ ಏಕೆ ಬಂದಿತು? ಅದಕ್ಕಿಂತ ಮೊದಲಿನ ಹತ್ತು ಸಂಖ್ಯೆಗಳಲ್ಲಿ ಪಾಶ್ಚಾತ್ಯ ಅದ್ಭುತ ಕಥೆಗಳು ಕನ್ನಡದಲ್ಲಿ ಪ್ರಕಟವಾಗಿದ್ದವು. ಆ ಪ್ರಯತ್ನವನ್ನು ಪ್ರೇರಿಸಿದವರು ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮರು. ಭಾರತದ ಅತ್ಯಂತ ಪ್ರಸಿದ್ಧ ಚಿತ್ರಕಥಾಮಾಲೆಯ ಮೊದಲ ಅಕ್ಷರಗಳು ಕನ್ನಡದ ಅಕ್ಷರಗಳೆಂಬುದನ್ನು ಈ ಸಭೆ ಅಭಿಮಾನದಿಂದ ನೆನೆಯಬೇಕು.

ಈ ಮಾಲೆಯಲ್ಲಿ ತಾನಸೇನನ ಕಥೆ, ಮೀರಾಬಾಯಿಯ ಕಥೆ, ಕಬೀರನ ಕಥೆಗಳೂ ಬಂದವು. ಎಂದರೆ, ಕಾಗದದ ಮೇಲೆ ಶಬ್ದವನ್ನೇ ಮಾಡಲಾರದ ಕಲೆಯು ಹಾಡುಗಾರರನ್ನೇ ನಾಯಕರನ್ನಾಗಿ ಮಾಡಿಕೊಂಡಿತು. ತಾನಸೇನನ ದೀಪಕ ರಾಗವನ್ನು ಗೆರೆಯಲ್ಲಿ ತೋರಿಸುವುದು ಹೇಗೆ? ಬಾಯಿ ತೆರೆದ ಮನುಷ್ಯನ ಚಿತ್ರವನ್ನು ಯಾರೂ ತೆಗೆಯಬಹುದು. ಕೇಳುತ್ತಿರುವವರ ಮುಖವನ್ನು ತೆಗೆಯಬಲ್ಲವನು ಮಾತ್ರ ರಾಗವನ್ನು ತೆಗೆದಾನು. ಮತ್ತು ಕೇಳುವವರ ಮುಖ ಹೇಗಿರುತ್ತದೆಂದು ತಿಳಿಯಬೇಕಾದರೆ ತಾನೂ ಒಮ್ಮೆ ಹಾಗೆ ಕೇಳಿರಬೇಕು.

ಇದೇ ಮಾತು ಮೈಸೂರಿನ ಆರ್.ಕೆ. ಲಕ್ಷ್ಮಣರಲ್ಲಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. 1921ರಲ್ಲಿ ಹುಟ್ಟಿದ ಅವರು, ಅಕ್ಷರ ಕಲಿಯುವುದಕ್ಕೂ ಮುಂಚೆಯೇ, ಮುಖ್ಯೋಪಾಧ್ಯಾಯರಾಗಿದ್ದ ತಂದೆಯ ಮನೆಗೆ ಬರುತ್ತಿದ್ದ ‘ಸ್ಟ್ರಾಂಡ್’, ‘ಪಂಚ್’ ಮೊದಲಾದ ಆಂಗ್ಲ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಚಿತ್ರ ಬರೆದುದು, ‘ರಾಶಿ’ಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ಗೆ ಬರೆದುದು, ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರನನ್ನು ದೂರದಿಂದಲೇ ಗುರುವೆಂದು ಭಾವಿಸಿದುದು, ಕಾಗೆಗಳನ್ನು ಜೀವನಪರ್ಯಂತ ದಣಿಯದೆ ಬರೆದುದು, ಇವೆಲ್ಲವೂ ಅವರ ಗೆರೆಯ ಹಿಂದಣ ಓದು. 1951ರಿಂದ ಆರಂಭವಾದ ಅವರ ದೈನಿಕ ಚಿತ್ರದಲ್ಲಿ ಚೌಕುಳಿ ಕೋಟಿನ ಶ್ರೀಸಾಮಾನ್ಯನು ಪ್ರತಿದಿನ ಬಂದು ನಿಂತನು. ಅರ್ಧ ಶತಮಾನವನ್ನು ಮೀರಿದ ಆ ಅವಧಿಯಲ್ಲಿ ಅವನು ಬಾಯಿ ತೆರೆದು ಮಾತನಾಡಲಿಲ್ಲ. ಮಂತ್ರಿಗಳು ಮಾತನಾಡಿದರು, ಗುಮಾಸ್ತರು ಮಾತನಾಡಿದರು, ಅವನ ಹೆಂಡತಿ ಮಾತನಾಡಿದಳು, ಅವನು ಕೇಳಿದನು. ಭಾರತದ ಚಿತ್ರಲೋಕದ ಅತ್ಯಂತ ಪ್ರಸಿದ್ಧ ಪಾತ್ರವು ಒಂದು ಕಿವಿ ಎಂಬುದನ್ನು ಬಹುಶಃ ನಾವು ಸಾಕಷ್ಟು ಮನಗಂಡಿಲ್ಲ. ಜನರ ಆಡುಮಾತನ್ನು ಲಕ್ಷ್ಮಣರು ಎಷ್ಟು ನಿಷ್ಠೆಯಿಂದ ಕೇಳಿಸಿಕೊಂಡಿದ್ದರೆಂಬುದಕ್ಕೆ ಆ ಮೌನವೇ ಸಾಕ್ಷಿ.

ಹಾಗೆಯೇ ಮಾಯಾ ಕಾಮತರನ್ನು ನೆನೆಯದೆ ಮುಂದುವರಿಯಲಾರೆ. ಗಂಡಸರದ್ದೇ ಆಗಿದ್ದ ಈ ವೃತ್ತಿಯಲ್ಲಿ ಅವರು 1985ರಲ್ಲಿ ಬೆಂಗಳೂರಿನ ಸಂಜೆಪತ್ರಿಕೆಯೊಂದರಲ್ಲಿ ‘ಗೀತಾ’ ಎಂಬ ಗೃಹಿಣಿಯ ಚಿತ್ರಮಾಲೆಯೊಡನೆ ಕಾಲಿಟ್ಟು, ರಾಜಕೀಯ ವ್ಯಂಗ್ಯಚಿತ್ರಗಳವರೆಗೆ ಬೆಳೆದರು. ಅಡುಗೆಮನೆಯಲ್ಲಿ ನಿಂತು ಕೇಳಿದ ಮಾತುಗಳಿಗೆ ದೇಶದ ವ್ಯವಹಾರವನ್ನು ಅಳೆಯುವ ಶಕ್ತಿಯಿದೆಯೆಂದು ಅವರ ಗೆರೆ ಸಾಧಿಸಿ ತೋರಿಸಿತು. ಅವರು 2001ರಲ್ಲಿ, ಐವತ್ತರ ವಯಸ್ಸಿನಲ್ಲಿಯೇ ನಮ್ಮನ್ನಗಲಿದರು.

3

ಹೊರನಾಡುಗಳ ಮೂವರು ಚಿತ್ರಕಾರರ ಸಂಗೀತವನ್ನು ಈಗ ತಮ್ಮ ಗಮನಕ್ಕೆ ತರುತ್ತೇನೆ. ಏಕೆಂದರೆ ಔರಾದಿನ ಆ ಹುಡುಗಿಯ ಖಾಲಿ ಚೌಕವನ್ನು ನನಗೆ ಬಿಡಿಸಿ ಹೇಳಿದವರು ಇವರೇ.

ಅಮೆರಿಕದ ಚಾರ್ಲ್ಸ್ ಶುಲ್ಜ್ ಎಂಬವರು 1950ರಿಂದ 2000ದವರೆಗೆ, ಐವತ್ತು ವರ್ಷಗಳ ಕಾಲ, ‘ಪೀನಟ್ಸ್’ ಎಂಬ ಮಕ್ಕಳ ಚಿತ್ರಮಾಲೆಯನ್ನು ಒಬ್ಬರೇ ಬರೆದರು. ಅದರಲ್ಲಿ ಶ್ರೋಡರ್ ಎಂಬ ಬಾಲಕನು ಆಟಿಕೆಯ ಪಿಯಾನೋದ ಮೇಲೆ ಬೀಥೋವನ್ನನ ಕೃತಿಗಳನ್ನು ನುಡಿಸುತ್ತಾನೆ. ಅವನ ತಲೆಯ ಮೇಲೆ ತೇಲುವ ಸ್ವರಲಿಪಿಯು ಬರಿಯ ಅಲಂಕಾರವಲ್ಲ. ಶುಲ್ಜರು ನಿಜವಾದ ಸ್ವರಲಿಪಿಯನ್ನೇ ಎದುರಿಗಿಟ್ಟುಕೊಂಡು ಶ್ರಮವಹಿಸಿ ನಕಲು ಮಾಡುತ್ತಿದ್ದರು, ಸಂಗೀತ ಬಲ್ಲವರು ಆ ಚೌಕವನ್ನು ನೋಡಿ ಕೃತಿಯನ್ನು ಗುರುತಿಸಬಹುದಾಗಿತ್ತು. ಸ್ವತಃ ಶುಲ್ಜರಿಗೆ ಹೆಚ್ಚು ಪ್ರಿಯನಾಗಿದ್ದವನು ಬ್ರಾಮ್ಸ್ ಎಂಬ ಇನ್ನೊಬ್ಬ ಸಂಗೀತಕಾರ. ಹಾಸ್ಯದ ಒಂದು ಪುಟ್ಟ ಚೌಕಕ್ಕಾಗಿ, ಓದುಗರಲ್ಲಿ ನೂರಕ್ಕೊಬ್ಬನು ಗುರುತಿಸಿಯಾನೆಂಬ ನಂಬಿಕೆಯಿಂದ ಅಷ್ಟು ಪರಿಶ್ರಮಪಡುವುದನ್ನು ನಾನು ತಪಸ್ಸೆಂದೇ ಕರೆಯುತ್ತೇನೆ.

ಅದೇ ದೇಶದ ರಾಬರ್ಟ್ ಕ್ರಂಬ್ ಅವರು ಹಳೆಯ ಗ್ರಾಮಫೋನ್ ತಟ್ಟೆಗಳನ್ನು, ಅದರಲ್ಲಿಯೂ ಕರಿಯ ಜನರ ಬ್ಲೂಸ್ ಹಾಡುಗಳನ್ನು, ಜೀವದಂತೆ ಕೂಡಿಟ್ಟವರು. ತಾವೇ ಬ್ಯಾಂಜೋ ನುಡಿಸುತ್ತ ಗೆಳೆಯರ ವಾದ್ಯಮೇಳವೊಂದನ್ನೂ ಕಟ್ಟಿದರು. ಮರೆತುಹೋದ ಹಾಡುಗಾರರ ಭಾವಚಿತ್ರಗಳನ್ನು ಬರೆದು ಅವರ ಹೆಸರು ಮತ್ತೆ ಜನರ ಬಾಯಲ್ಲಿ ಬರುವಂತೆ ಮಾಡಿದರು. 2009ರಲ್ಲಿ ಅವರು ಬೈಬಲ್ಲಿನ ಆದಿಕಾಂಡವನ್ನು ಇಡಿಯಾಗಿ ಚಿತ್ರಕಥೆಯಾಗಿ ಹೊರತಂದರು. ತಟ್ಟೆಯನ್ನು ಕೇಳುವ ಕಿವಿ, ಪವಿತ್ರಗ್ರಂಥವನ್ನು ಒಂದು ಶಬ್ದವೂ ಬಿಡದೆ ಓದುವ ಕಣ್ಣು, ಇವೆರಡೂ ಒಬ್ಬನೇ ಮನುಷ್ಯನಲ್ಲಿ ಸೇರಿದ್ದವು.

ಮೂರನೆಯವರು ಹೊರನಾಡಿನವರಾದರೂ ನಮ್ಮ ದೇಶದವರೇ ಆದ ಸತ್ಯಜಿತ್ ರಾಯ್. ಅವರ ಅಜ್ಜ ಉಪೇಂದ್ರಕಿಶೋರರು 1913ರಲ್ಲಿ ಆರಂಭಿಸಿದ ‘ಸಂದೇಶ’ವೆಂಬ ಮಕ್ಕಳ ಪತ್ರಿಕೆಯನ್ನು ಅವರು 1961ರಲ್ಲಿ ಮರಳಿ ಜೀವಂತಗೊಳಿಸಿದರು, ಅದಕ್ಕೆ ಕಥೆ ಬರೆದರು, ಚಿತ್ರ ಬರೆದರು. ಕೆಂಪು ಬಟ್ಟೆಯ ರಟ್ಟಿನ ಖಾತೆಪುಸ್ತಕಗಳಲ್ಲಿ ತಮ್ಮ ಚಲನಚಿತ್ರಗಳ ಒಂದೊಂದು ದೃಶ್ಯವನ್ನೂ ಚೌಕಗಳಾಗಿ ಮೊದಲು ಬರೆದುಕೊಳ್ಳುತ್ತಿದ್ದ ಅವರು, ಅದೇ ಪುಸ್ತಕಗಳಲ್ಲಿ ಸಂಗೀತದ ಟಿಪ್ಪಣಿಗಳನ್ನೂ ಮಾಡಿಕೊಳ್ಳುತ್ತಿದ್ದರು. ಬೀಥೋವನ್, ಮೊಝಾರ್ಟರನ್ನು ಎಳೆಯ ವಯಸ್ಸಿನಿಂದ ಆಲಿಸಿದವರು, ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಸಂಯೋಜಿಸಿದವರು, ಟಿನ್‌ಟಿನ್ ಚಿತ್ರಕಥೆಗಳನ್ನು ಪ್ರೀತಿಸಿದವರು ಅವರು. ಸೋಮೇಶ್ವರನ ನೂರು ಅಧ್ಯಾಯಗಳ ಉಲ್ಲಾಸವು ಎಂಟು ಶತಮಾನಗಳ ಬಳಿಕ ಕಲಕತ್ತೆಯ ಒಂದು ಖಾತೆಪುಸ್ತಕದಲ್ಲಿ ಮರುಹುಟ್ಟು ಪಡೆಯಿತೆಂದರೆ ಅತಿಶಯವಾಗದು.

ಈಗ ಖಾಲಿ ಚೌಕದ ಮಾತು. ಚಿತ್ರಕಥೆಯಲ್ಲಿ ಎರಡು ಚೌಕಗಳ ನಡುವೆ ಒಂದು ಬಿಳಿಯ ಓಣಿಯಿರುತ್ತದೆ. ಮೊದಲ ಚೌಕದಲ್ಲಿ ಕೊಡಲಿ ಎತ್ತಿದ ಮನುಷ್ಯ, ಎರಡನೆಯ ಚೌಕದಲ್ಲಿ ಉರುಳಿದ ಮರ; ಪೆಟ್ಟು ಬಿದ್ದುದು ಎಲ್ಲಿ? ಆ ಬಿಳಿಯ ಓಣಿಯಲ್ಲಿ, ಎಂದರೆ ಓದುಗನ ಮನಸ್ಸಿನಲ್ಲಿ. ತಬಲಾ ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಹದಿನಾರು ಮಾತ್ರೆಗಳ ತೀನ್ ತಾಲದಲ್ಲಿ ಒಂಬತ್ತನೆಯ ಮಾತ್ರೆಗೆ ‘ಖಾಲಿ’ ಎನ್ನುತ್ತಾರೆ. ಅಲ್ಲಿ ಡಗ್ಗಾದ ಗುಂಜನ ಹಿಂದೆ ಸರಿಯುತ್ತದೆ, ಕೈ ಚಪ್ಪಾಳೆಯಿಡದೆ ಗಾಳಿಯಲ್ಲಿ ಬೀಸುತ್ತದೆ. ಆ ಬರಿದಿನಿಂದಲೇ ಸಮ್ ಎಲ್ಲಿದೆಯೆಂಬುದು ಕೇಳುವವನಿಗೆ ತಿಳಿಯುತ್ತದೆ. ಖಾಲಿಯನ್ನು ತೆಗೆದುಹಾಕಿದರೆ ತಾಲವು ಬರಿಯ ಎಣಿಕೆಯಾಗುತ್ತದೆ. ಎಲ್ಲಿ ತುಂಬಬೇಕು ಎಂಬುದನ್ನು ನಾವು ಚಿತ್ರಕಲೆಯ ಶಿಕ್ಷಕರು ಕಲಿಸಬಲ್ಲೆವು. ಎಲ್ಲಿ ಬಿಡಬೇಕು ಎಂಬುದನ್ನು ಸಂಗೀತವೇ ಕಲಿಸಬೇಕು. ಔರಾದಿನ ಹುಡುಗಿ ‘ಖಾಲಿ ಬಿಟ್ಟೀನಿ’ ಎಂದಾಗ ತಬಲಾದ ಶಬ್ದವನ್ನೇ ನುಡಿದಿದ್ದಳು. ಅದು ಅವಳಿಗೆ ತಿಳಿದಿರಲಿಲ್ಲ, ಅಂದು ನನಗೂ ತಿಳಿದಿರಲಿಲ್ಲ.

4

ಬೀದರಿನ ನೆಲಕ್ಕೆ ಈ ಶ್ರವಣವಿದ್ಯೆ ಪರಕೀಯವಲ್ಲ. ಬೀದರನ್ನು 1619ರಲ್ಲಿ ತನ್ನ ರಾಜ್ಯಕ್ಕೆ ಸೇರಿಸಿಕೊಂಡ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ‘ಕಿತಾಬ್–ಎ–ನವರಸ್’ ಎಂಬ ಗೀತಗ್ರಂಥವನ್ನು ದಖ್ಖನಿಯಲ್ಲಿ ರಚಿಸಿದ ಸಂಗೀತಪ್ರೇಮಿ. ಒಂದೊಂದು ರಾಗವನ್ನೂ ಒಬ್ಬ ನಾಯಕ ಅಥವಾ ನಾಯಕಿಯ ರೂಪದಲ್ಲಿ ಚಿತ್ರಿಸುವ ರಾಗಮಾಲಾ ಚಿತ್ರಗಳು ಆ ಕಾಲದ ದಖ್ಖನಿನ ಆಸ್ಥಾನಗಳಲ್ಲಿ ಅರಳಿದವು. ಇಂದಿಗೂ ಬಿದರಿ ಕಲೆಯ ಕಾರಖಾನೆಯೊಂದಕ್ಕೆ ಹೋಗಿ ನಿಂತರೆ, ಸತುವು ಮತ್ತು ತಾಮ್ರದ ಮಿಶ್ರಲೋಹದ ಮೈಮೇಲೆ ಕುಶಲಕರ್ಮಿಯು ಮೈಲುತುತ್ತದ ನೀರನ್ನು ಬಳಿದು ಕಪ್ಪಾಗಿಸಿ, ಮಾದರಿಯಿಲ್ಲದೆ ಕೈಯಿಂದಲೇ ಬಳ್ಳಿಯನ್ನು ಗೀರಿ, ಚಾಣದಿಂದ ಕೊರೆದು, ಬೆಳ್ಳಿಯ ತಂತಿಯನ್ನು ಕೂಡಿಸುವಾಗ, ಸುತ್ತಿಗೆಯ ಪೆಟ್ಟುಗಳಲ್ಲಿ ಒಂದು ಲಯ ತಪ್ಪದೆ ಕೇಳಿಸುತ್ತದೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಉಜ್ಜಿದಾಗ ನೆಲ ಕಪ್ಪಾಗಿ ಬೆಳ್ಳಿಯ ಗೆರೆ ಬೆಳಗುತ್ತದೆ. 2023ರಲ್ಲಿ ಬಿದರಿ ಕಲಾವಿದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದುದು ಆ ಗೆರೆಗೆ ಸಂದ ಮನ್ನಣೆ. ಕಪ್ಪು–ಬಿಳುಪುಗಳ ಸಂಬಂಧವನ್ನು ಈ ಊರಿನ ಮಗುವಿಗೆ ಬೇರೆ ಯಾರು ಕಲಿಸಬೇಕು?

ಭಾಲ್ಕಿಯ ಕಡೆಗೆ ತಿರುಗಿದರೆ ಇನ್ನೊಂದು ಪಾಠವಿದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆ ನಡೆಸುವುದು ದುಸ್ತರವಾಗಿದ್ದಾಗ, ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ನಮ್ಮ ಭಾಗದ ಪ್ರತಿಯೊಂದು ಮನೆಯಲ್ಲಿಯೂ ಹೇಳುವ ಸತ್ಯಕಥೆ. ಅದನ್ನು ನಾನು ಸಾಹಸದ ಕಥೆಯಾಗಿ ಮಾತ್ರ ಕೇಳುವುದಿಲ್ಲ. ಕಣ್ಣಿಗೆ ಕಾಣುವ ಅಕ್ಷರ ಬೇರೆಯಾಗಿದ್ದ ದಿನಗಳಲ್ಲಿ ಕಿವಿಗೆ ಬೀಳುವ ಧ್ವನಿಯೇ ಒಂದು ಭಾಷೆಯನ್ನು ಉಳಿಸಿತೆಂಬುದು ಅದರ ತಿರುಳು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡನಾಡನ್ನು ಕೂಡಿಕೊಂಡಾಗ, ಕೂಡಿಕೊಳ್ಳಲು ಇಲ್ಲಿ ಕನ್ನಡ ಉಳಿದಿದ್ದುದು ಅಂಥ ಕಿವಿಗಳ ಪುಣ್ಯದಿಂದ.

ಔರಾದಿನ ಸಂಪತ್ತು ಇನ್ನೂ ವಿಶಾಲವಾದುದು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಮರೇಶ್ವರನ ಜಾತ್ರೆಯಲ್ಲಿ ಒಂದು ಮಿಠಾಯಿ ಕೊಳ್ಳುವಷ್ಟರಲ್ಲಿ ನಾಲ್ಕು ಭಾಷೆಗಳು ಕಿವಿಯ ಮೇಲೆ ಬೀಳುತ್ತವೆ. ಬೆಳಗಿನಲ್ಲಿ ಅಭಂಗ, ಸಂಜೆಗೆ ವಚನಗಾಯನ, ಮೊಹರಂ ಬಂದಾಗ ಅಲಾಬಿಯ ಸುತ್ತಣ ಪದ, ನೆರೆಮನೆಯಲ್ಲಿ ತೆಲುಗಿನ ಜೋಗುಳ. ಇಷ್ಟು ಸಿರಿಯ ಕಿವಿಯುಳ್ಳ ಮಗು ಕರ್ನಾಟಕದಲ್ಲಿ ಬೇರೆಲ್ಲಿ ಸಿಕ್ಕೀತು?

ಆದರೂ, ಬಂಧುಗಳೇ, ಒಂದು ನೋವನ್ನು ಹೇಳಲೇಬೇಕು. ನನ್ನ ಕೈಗೆ ಬಂದ ಕನ್ನಡದ ಚಿತ್ರಕಥೆಗಳಲ್ಲಿ ಫ್ಯಾಂಟಮನೂ ಗ್ರಾಂಥಿಕ ಕನ್ನಡವನ್ನಾಡಿದ, ಕಾಡಿನ ಬೇಡನೂ ಗ್ರಾಂಥಿಕ ಕನ್ನಡವನ್ನಾಡಿದ. ‘ಬಾಲಮಂಗಳ’ ಪತ್ರಿಕೆಯ ಡಿಂಗನೂ ನಮ್ಮ ಬೀದಿಯ ಮಾತನ್ನು ಆಡಲಿಲ್ಲ. ‘ಎಲ್ಲಿಗಿ ಹೊಂಟೀರಿ’ ಎಂದು ಕೇಳುವ ಒಬ್ಬ ನಾಯಕನನ್ನೂ ಬೀದರಿನ ಮಗು ಚೌಕದೊಳಗೆ ಕಾಣಲಿಲ್ಲ. ಮಾತಿನ ಗುಳ್ಳೆಯು ಕಿವಿಯ ಸಾಹಿತ್ಯ. ಅದರೊಳಗೆ ಬರೆಯತಕ್ಕುದು ಬರಹವನ್ನಲ್ಲ, ಉಸಿರನ್ನು. ಉರ್ದುವಿನ ಸೊಗಸು, ಮರಾಠಿಯ ಬೆಡಗು ಬೆರೆತ ನಮ್ಮ ಕನ್ನಡವನ್ನು ಅಶುದ್ಧವೆಂದು ಬಗೆದು ನಾವೇ ಮಕ್ಕಳ ಬಾಯಿಂದ ತೊಡೆಯುತ್ತ ಬಂದರೆ, ಅದನ್ನು ಗುಳ್ಳೆಯೊಳಗೆ ತುಂಬುವವರು ಬೇರೆ ನಾಡಿನಿಂದ ಬರುವರೇ?

5

ಆದುದರಿಂದ ನನ್ನ ಬಿನ್ನಹಗಳು ಕೆಲವೇ, ಮತ್ತು ಅವು ಈ ಮೂರು ಊರುಗಳ ಕೈಗೆಟುಕದವುಗಳಲ್ಲ.

ಬೀದರಿನ, ಭಾಲ್ಕಿಯ, ಔರಾದಿನ ಗ್ರಂಥಾಲಯಗಳಲ್ಲಿ ಒಂದೊಂದು ಕಪಾಟನ್ನು ಚಿತ್ರಕಥೆಗಳಿಗೆ ಮೀಸಲಿಡಿರಿ. ಅಮರ ಚಿತ್ರಕಥೆಯೂ ಲಕ್ಷ್ಮಣರ ಸಂಪುಟಗಳೂ ಇರಲಿ. ಅಂಬೇಡ್ಕರರ ಬಾಳನ್ನು ಗೊಂಡ ಚಿತ್ರಕಲೆಯ ಮೂಲಕ ಹೇಳಿದ, ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದ 2011ರ ‘ಭೀಮಾಯಣ’ವೂ ಇರಲಿ. ಚೌಕಗಳನ್ನೇ ಬಿಟ್ಟು, ಗೊಂಡರ ದಿಗ್ನಾ ರೇಖೆಗಳಿಂದ ಪುಟವನ್ನು ಹೆಣೆದ ಆ ಗ್ರಂಥವು, ತನ್ನ ಊರಿನ ಗೆರೆಯಲ್ಲಿಯೇ ದೇಶದ ಕಥೆಯನ್ನು ಹೇಳಬಹುದೆಂಬ ಧೈರ್ಯವನ್ನು ನಮ್ಮ ಮಕ್ಕಳಿಗೆ ಕೊಡುತ್ತದೆ.

ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಆ ಕಪಾಟಿನ ಮುಂದೆ ಕೂಡಿಸಿರಿ. ಪ್ರತಿಯೊಂದು ಮಗುವೂ ತಾನು ಈಗ ಏನನ್ನು ತೆಗೆಯುತ್ತಿದ್ದೇನೆ, ಯಾವ ಹಾಡನ್ನು ಕೇಳಿದ್ದೇನೆ, ಯಾವ ಪುಸ್ತಕವನ್ನು ಓದಿದ್ದೇನೆ ಎಂಬುದನ್ನು ಉಳಿದವರ ಮುಂದೆ ಹೇಳಲಿ. ದೊಡ್ಡ ಕಲಾವಿದರಿಗೆ ಕೇಳುವ ಪ್ರಶ್ನೆಗಳನ್ನು ಹತ್ತು ವರ್ಷದ ಮಗುವಿಗೆ ಗೌರವದಿಂದ ಕೇಳಿದರೆ, ಅದು ಉತ್ತರವನ್ನು ಹುಡುಕಿಕೊಂಡು ಹೋಗುತ್ತದೆ. ಬಹುವಚನದಲ್ಲಿಯೇ ಕೇಳಿರಿ: ‘ತಾವು ಈಗ ಏನು ತೆಗೀತಾ ಇದ್ದೀರಿ?’

ನಮ್ಮ ಜಿಲ್ಲೆಯ ಪತ್ರಿಕೆಗಳ ಸಂಪಾದಕರಲ್ಲಿ ಒಂದು ಪ್ರಾರ್ಥನೆ: ವಾರಕ್ಕೊಮ್ಮೆ ನಾಲ್ಕು ಚೌಕಗಳಷ್ಟು ಜಾಗವನ್ನು, ಬೀದರಿನ ಮಾತನ್ನೇ ಆಡುವ ಒಂದು ಚಿತ್ರಕಥೆಗೆ ಬಿಟ್ಟುಕೊಡಿರಿ. ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ಪ್ರಾರ್ಥನೆ: ನೋಟ್‌ಬುಕ್ಕಿನ ಕೊನೆಯ ಪುಟವನ್ನು ನಾನು ಅಂದು ನೋಡಿದಂತೆ ನೋಡಬೇಡಿರಿ.

ಕೊನೆಯ ಮಾತು ಮನೆಯ ಹಿರಿಯರಿಗೆ. ಬೀಸುವ ಕಲ್ಲುಗಳು ಮೂಲೆ ಸೇರಿವೆ. ಅವುಗಳ ಹಾಡು ಬಲ್ಲ ಆಯಿಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ನಿಮ್ಮ ಮನೆಯ ಮಗು ಇಂದು ರಾತ್ರಿ ಕಾಗದದ ಮೇಲೆ ಚೌಕ ಹಾಕಿಕೊಂಡು ಕುಳಿತರೆ, ಬಣ್ಣದ ಪೆಟ್ಟಿಗೆಯನ್ನು ನಾಳೆ ತಂದುಕೊಡಿರಿ, ಚಿಂತೆಯಿಲ್ಲ. ಇಂದೇ ಅದರ ಪಕ್ಕದಲ್ಲಿ ಕುಳಿತು, ನಿಮಗೆ ನೆನಪಿರುವ ಒಂದು ಹಾಡನ್ನು ಪೂರ್ತಿಯಾಗಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಹಾಡಿರಿ.